ಚಹಾ ಕುಡಿಯದವಳ ಲೆಕ್ಕ

ನನ್ನ ಪಿಎಚ್‌ಡಿ ವಿಷಯ ಏನೆಂದು ಯಾರಾದರೂ ಕೇಳಿದರೆ ಮೊದಲು ಅವರಿಗೆ ಚಹಾ ತರಿಸುತ್ತಿದ್ದೆ. ‘ಬೇಳೆ ಮಿಲ್ಲುಗಳ ಆರ್ಥಿಕ ದಕ್ಷತೆಯ ಮಾಪನ’ ಎಂದ ಕೂಡಲೇ ಎದ್ದು ಹೋಗಬಾರದಲ್ಲ! ಹೆಸರಿಗಷ್ಟೇ ಆ ಗತ್ತು. ಮಿಲ್ಲಿಗೆ ಎಷ್ಟು ತೊಗರಿ ಹೋಯಿತು, ಎಷ್ಟು ಕರೆಂಟು ಸುಟ್ಟಿತು, ಎಷ್ಟು ಆಳು ದುಡಿದರು, ಕೊನೆಗೆ ಎಷ್ಟು ಬೇಳೆ ಬಂತು, ಇಷ್ಟೇ. ಕಡಿಮೆ ಹಾಕಿ ಹೆಚ್ಚು ತೆಗೆದವರಿಗೆ ಪೂರ್ತಿ ಒಂದು ಅಂಕ. ಉಳಿದವರಿಗೆ ದಶಾಂಶದಲ್ಲಿ ಅವಮಾನ. ನಮ್ಮವ್ವ ತನ್ನ ಇಬ್ಬರು ಸೊಸೆಯಂದಿರಿಗೆ ಒಂದೇ ಅಳತೆಯ ಹಿಟ್ಟು ಕೊಟ್ಟು ಯಾರ ರೊಟ್ಟಿ ಹೆಚ್ಚಾದವು ಎಂದು ದಿನಾ ಇದೇ ಮಾಪನ ಮಾಡುತ್ತಿದ್ದಳು. ಅವಳಿಗೆ ಯಾವ ವಿಶ್ವವಿದ್ಯಾಲಯವೂ ಫೆಲೋಶಿಪ್ ಕೊಡಲಿಲ್ಲ.

ನನ್ನ ಅಂಕಗಳಿಗೆ ಒಂದು ಯೋಜನೆಯೂ ಗಂಟುಬಿದ್ದಿತ್ತು. ಬೇಳೆಯಲ್ಲಿ ಉಳಿದ ಕಪ್ಪು ಕಾಳನ್ನು ಕ್ಯಾಮೆರಾ ಕಣ್ಣಿನಿಂದ ಹುಡುಕಿ ಹೊರಗೆಸೆಯುವ ಸಾರ್ಟಿಂಗ್ ಮಷೀನನ್ನು ಸಣ್ಣ ಮಿಲ್ಲುಗಳಿಗೆ ಕೊಡುವವರಿದ್ದರು. ಅಂಕದಲ್ಲಿ ಹಿಂದೆ ಬಿದ್ದವರಿಗೆ ಮಷೀನು, ಮುಂದಿದ್ದವರಿಗೆ ಬರೀ ಶಾಬಾಸ್. ಈ ಕರಾರನ್ನು ಮಿಲ್ಲಿನವರಿಗೆ ಮೊದಲೇ ಹೇಳಬೇಡ ಎಂದು ನಮ್ಮ ಗೈಡ್ ಸರ್ ತಾಕೀತು ಮಾಡಿದ್ದರು. ಹೇಳಿದರೆ ಜನ ಸುಳ್ಳು ಹೇಳುತ್ತಾರಂತೆ.

ಹೇಳದಿದ್ದರೂ ಹೇಳಿದರು. ಅಫಜಲಪುರದ ಮಾಲಕರೊಬ್ಬರು ನನ್ನನ್ನು ಸಾಲ ಕೊಡುವ ಬ್ಯಾಂಕಿನವಳು ಎಂದುಕೊಂಡು, ಮಿಲ್ಲು ದೊಡ್ಡದಾಗಿ ಕಾಣಲೆಂದು ಹೆಂಡತಿಯ ತಮ್ಮಂದಿರನ್ನೆಲ್ಲ ಕೆಲಸದವರೆಂದು ಸಾಲಾಗಿ ನಿಲ್ಲಿಸಿದರು. ಒಬ್ಬನಂತೂ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿದ್ದ. ಜೇವರ್ಗಿಯವರೊಬ್ಬರು, “ಎಲ್ಲಾ ದೇವರು ನಡಸ್ತಾನ್ರಿ ಅಕ್ಕೋರ, ನಮ್ಮದೇನದ?” ಎಂದರು. ದೇವರನ್ನು ಯಾವ ಕಾಲಮ್ಮಿನಲ್ಲಿ ಹಾಕಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆಳಂದದ ಒಂದು ಸಣ್ಣ ಮಿಲ್ಲಿನ ಮಾಲಕ ಕಾಕಾ ಇವರಿಬ್ಬರನ್ನೂ ಮೀರಿಸಿದರು. ಹೆಲ್ಮೆಟ್ಟು, ಬಗಲಲ್ಲಿ ಫೈಲು ನೋಡಿದವರೇ ನನ್ನನ್ನು ಕಾರ್ಮಿಕ ಇಲಾಖೆಯವಳೆಂದು ಖಾತ್ರಿ ಮಾಡಿಕೊಂಡರು. ನಾನು ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಮಿಲ್ಲು ಖಾಲಿ. ಗಿರಣಿಯ ಅಷ್ಟು ದೊಡ್ಡ ಬೆಲ್ಟಿನ ಪಟ್ಟಾ ಗಡಗಡ ತಿರುಗುತ್ತಿದೆ, ಪಕ್ಕದಲ್ಲಿ ಕಾಕಾ ಮತ್ತು ಒಬ್ಬ ಮುದುಕ.

“ಆಳು ಎಷ್ಟು ಮಂದಿ ಇದ್ದಾರ್ರಿ?” ಎಂದೆ.

“ಇವನೊಬ್ಬನೇ ನೋಡ್ರಿ,” ಎಂದರು ಕಾಕಾ. ಮುದುಕ ಅಭಿಮಾನದಿಂದ ಎದೆ ಉಬ್ಬಿಸಿದ.

ಆದರೆ ನಮ್ಮ ಕಡೆ ಒಂದು ರೀತಿಯಿದೆ. ಬಂದವರಿಗೆ ಚಹಾ ಕೊಡದೆ ಕಳಿಸುವಂತಿಲ್ಲ, ದುಡಿಯುವವರನ್ನು ಬಿಟ್ಟು ಮಾಲಕ ಒಬ್ಬನೇ ಕುಡಿಯುವಂತಿಲ್ಲ. ಮಿಲ್ಲಿನ ಹಿಂದೆಯೇ ಮನೆ. ಕಾಕಾ ಒಳಗೆ ಕೂಗಿದರು. ಅವರ ಹೆಂಡತಿ ಕಾಕು ಪರಾತ ತುಂಬ ಚಹಾದ ಗ್ಲಾಸು ಹೊತ್ತು ತಂದರು. ಹೊರಗಿದ್ದವರು ನಾವು ಮೂವರು.

“ಉಳಿದದ್ದು ಯಾರಿಗ್ರಿ?”

ಕಾಕಾ ಚಹಾ ನೋಡಿದರು, ನನ್ನನ್ನು ನೋಡಿದರು, ಮಾಳಿಗೆ ನೋಡಿದರು. ಕಾನೂನಿನ ಭಯ ದೊಡ್ಡದೇ, ಆದರೆ ಚಹಾ ಆರುವುದು ಅದಕ್ಕಿಂತ ದೊಡ್ಡದು. “ಇಳೀರಲೇ, ಆರ್‍ತದ!” ಎಂದು ಕೂಗಿಯೇಬಿಟ್ಟರು. ಒಣಗಲು ಹಾಕಿದ ತೊಗರಿಯ ನಡುವೆ ಮಲಗಿ ಅಡಗಿದ್ದವರು ಮೈಗೆಲ್ಲ ಕಾಳು ಮೆತ್ತಿಕೊಂಡು ಒಬ್ಬೊಬ್ಬರಾಗಿ ಇಳಿದು ಬಂದರು. ನಾನು ಗ್ಲಾಸು ಎಣಿಸಿ ಬರೆದುಕೊಂಡೆ. ಅಂದಿನಿಂದ ಎಲ್ಲ ಮಿಲ್ಲುಗಳಿಗೂ ಚಹಾದ ಹೊತ್ತಿಗೇ ಹೋದೆ. ಆಳು ಎಣಿಸಲು ಇದಕ್ಕಿಂತ ಪಕ್ಕಾ ವಿಧಾನ ಇಲ್ಲವೆಂದು ಗೈಡ್ ಸರ್ ಎದುರು ಕೊಚ್ಚಿಕೊಂಡೂ ಆಯಿತು.

ಲೆಕ್ಕ ಮುಗಿದಾಗ ಆಳಂದದ ಈ ಮಿಲ್ಲಿಗೇ ಪೂರ್ತಿ ಒಂದು ಅಂಕ. ಸಾರ್ಟಿಂಗ್ ಮಷೀನಿಲ್ಲದೆ ಕನ್ನಡಿಯಂಥ ಬೇಳೆ! ಗೈಡ್ ಸರ್ ಕುಣಿಯುವುದೊಂದು ಬಾಕಿ. “ಈ ಮಿಲ್ಲಿಗೆ ಯಂತ್ರದ ಅಗತ್ಯವಿಲ್ಲ” ಎಂದು ವರದಿಯ ಕರಡಿನಲ್ಲಿ ನನ್ನ ಕೈಯಿಂದಲೇ ಬರೆಸಿದರು.

ಸುದ್ದಿ ಹೇಳಲು ಹೋದೆ. ಮಷೀನು ಬರುವ ಮಾತು ಅಷ್ಟರಲ್ಲಿ ಮಿಲ್ಲಿನವರಿಗೆಲ್ಲ ಗೊತ್ತಾಗಿತ್ತು, ಅದರ ಕರಾರು ಮಾತ್ರ ಗೊತ್ತಿರಲಿಲ್ಲ. ಕಾಕಾ ಪೇಢೆ ತರಿಸಿ ಓಣಿಗೆಲ್ಲ ಹಂಚಿಸಿದರು. ಕಾಕುವಿಗೂ ಒಂದು ಕೊಡೋಣವೆಂದು ಒಳಗೆ ಹೋದರೆ, ಅವರು ಗೋಡೆಗೆ ಒರಗಿ, ಮೊರದಲ್ಲಿ ಬೇಳೆ ಹರವಿಕೊಂಡು ಕಪ್ಪು ಕಾಳು ಹೆಕ್ಕುತ್ತಿದ್ದರು. ಪಕ್ಕದಲ್ಲಿ ಚೀಲದ ಮೇಲೆ ಚೀಲ. ನನ್ನನ್ನು ನೋಡಲು ತಲೆ ಎತ್ತಬೇಕಾದರೆ ಕುತ್ತಿಗೆಗೆ ಕೈ ಕೊಟ್ಟು ಎತ್ತಿದರು.

“ಮಷೀನ ಯಾವಾಗ ಬರ್ತದ್ರಿ ಅಕ್ಕೋರ? ಕುತ್ತಿಗಿ ಹಿಡದು ವರ್ಸಾತು. ಕಣ್ಣೂ ಮಂಜ ಆಗಾಕತ್ತಾವ.”

ಪೇಢೆ ನನ್ನ ಕೈಯಲ್ಲೇ ಉಳಿಯಿತು. ಮಷೀನು ಯಾಕೆ ಬರುವುದಿಲ್ಲವೆಂದು ಹೇಳಿದೆ.

“ಎಲ್ಲಾರ ಗ್ಲಾಸೂ ಎಣಿಸಿದ್ರಲ್ಲ,” ಎಂದರು ಕಾಕು. “ನನ್ನ ಹೆಂಗ ಬಿಟ್ರಿ?”

“ನಿಮ್ಮ ಗ್ಲಾಸು ಇರಲಿಲ್ಲರಿ ಕಾಕು.”

“ನಾ ಚಹಾ ಕುಡಿಯೂದಿಲ್ರಿ. ಪಿತ್ತ ಆಗ್ತದ.”

ನನಗೆ ನಗುವೂ ಬಂತು, ನನ್ನ ಮೇಲೇ ಸಿಟ್ಟೂ ಬಂತು. ನಮ್ಮವ್ವ ಸೊಸೆಯಂದಿರನ್ನಾದರೂ ಎಣಿಸುತ್ತಿದ್ದಳು! ಅಲ್ಲಿಂದ ನೇರ ಗೈಡ್ ಸರ್ ಬಳಿ ಹೋಗಿ ಕರಡು ಹರಿದು ಹಾಕಿರಿ ಎಂದೆ. ಮನೆಯವರ ಕೆಲಸ ಕೂಲಿಯಲ್ಲ ಎಂದು ಅವರು, ಹಾಗಾದರೆ ಬೇಳೆ ತಾನೇ ಸ್ವಚ್ಛವಾಗುತ್ತದೆಯೇ ಎಂದು ನಾನು. ಕೊನೆಗೆ ನನ್ನ ಕಾಟಕ್ಕೆ ಬೇಸತ್ತು ಒಪ್ಪಿದರು. ಎಲ್ಲ ಮಿಲ್ಲುಗಳ ಹಿಂದಿನ ಮನೆಗಳಿಗೂ ಮತ್ತೆ ಹೋಗಿ ಲೆಕ್ಕ ತಿದ್ದಿದೆ. ಕಾಕುವಿನ ಇಡೀ ದಿನದ ದುಡಿಮೆ ಕೂಡಿಸಿದ ಮೇಲೆ ಆಳಂದದ ಹೆಮ್ಮೆಯ ಒಂದು ಅಂಕ ಧೊಪ್ಪೆಂದು ಕೆಳಗೆ ಬಿತ್ತು.

ಕಾಕಾ ಸಿಡಿದರು. “ಪೇಢೆ ತಿಂದು ನಪಾಸ್ ಮಾಡಿದ್ರಿ!”

ಕಾಕು ಮಾತ್ರ ಒಳಗಿನಿಂದ, “ನಪಾಸಂತ ಛಲೋ ದಪ್ಪಾಗಿ ಬರೀರಿ ಅಕ್ಕೋರ,” ಎಂದರು.

ಮಷೀನು ಬಂತು. ನೋಡಲು ಹೋದಾಗ ಕಾಕಾ ನನ್ನ ಮೇಲಿನ ಸಿಟ್ಟು ಮರೆತಿದ್ದರು. ಮಷೀನಿಗೆ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ, ಎದುರಿಗೆ ಒಡೆದ ತೆಂಗಿನಕಾಯಿ. ಬಂದುಹೋಗುವವರನ್ನೆಲ್ಲ ಕರೆದು ಅದರ ಬೆನ್ನು ಚಪ್ಪರಿಸಿ ತೋರಿಸುತ್ತಿದ್ದರು.

“ಏನು ದುಡೀತದ್ರಿ ಇದು! ಹತ್ತು ಮಂದಿ ಕೆಲಸ ಒಂದ ಮಾಡ್ತದ!”

ಕಾಕು ಬಾಗಿಲಲ್ಲಿ ಚಹಾದ ಪರಾತ ಹಿಡಿದು ನಿಂತಿದ್ದರು. ಹಾರವನ್ನೇ ಸ್ವಲ್ಪ ಹೊತ್ತು ನೋಡಿದರು.

“ಹತ್ತು ಮಂದಿದಲ್ರಿ,” ಎಂದರು. “ಒಬ್ಬಾಕಿದು.”