ಟರ್ಬೊ ಕಾರಿಗೆ ಕಿವಿ ಕೊಟ್ಟ ಸಾಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನಗಳು ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾದ ಹಳೆಯ ರನ್‌ವೇಯ ತುದಿಯಲ್ಲಿ ಬಿಳಿ ಕಾರೊಂದು ಗುರುಗುಡುತ್ತ ನಿಂತಿದೆ. ಜಪಾನಿನಲ್ಲಿ ತಯಾರಾದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ಸ್ಟಿಯರಿಂಗ್ ಹಿಡಿದು ತಮ್ಮ, ಪಕ್ಕದಲ್ಲಿ ಅಕ್ಕ. ಹಿಂದಿನ ಸೀಟು ಎಂದು ಯಾರೋ ತಮಾಷೆಗೆ ಕರೆದಿರಬೇಕಾದ ಸಂದಿಯಲ್ಲಿ, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು, ಈ ಅಕ್ಕ-ತಮ್ಮನ ಬಗ್ಗೆ ಬರೆಯಲು ಬಂದ ನಾನು.

ಅಕ್ಕ ಕಿವಿಗಳ ಮೇಲೆ ದಪ್ಪನೆಯ ಮುಚ್ಚಿಗೆ ಏರಿಸಿಕೊಳ್ಳುತ್ತಾರೆ. ಕಾರ್ಖಾನೆಗಳಲ್ಲಿ ಸದ್ದು ತಡೆಯಲು ಹಾಕಿಕೊಳ್ಳುವಂಥದ್ದು. ಅದಕ್ಕೊಂದು ರಬ್ಬರ್ ಕೊಳವೆ ಸಿಕ್ಕಿಸಿದೆ. ಆ ಕೊಳವೆ ಕಿಟಕಿಯಿಂದ ಹೊರಬಿದ್ದು, ಬಾನೆಟ್ಟಿನ ಸಂದಿಯಲ್ಲಿ ನುಗ್ಗಿ, ಎಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿದ ತಾಮ್ರದ ಕೊಳವೆಗೆ ಸೇರುತ್ತದೆ. ಡಾಕ್ಟರು ಎದೆಗಿಡುವ ಸ್ಟೆತಾಸ್ಕೋಪಿನ ದೊಡ್ಡಣ್ಣ ಅನ್ನಿ. ಅವರು ಕಣ್ಣು ಮುಚ್ಚುತ್ತಾರೆ. ತಮ್ಮ ಆಕ್ಸಿಲರೇಟರ್ ತುಳಿಯುತ್ತಾರೆ. ನನ್ನ ಜೀವ ಬಾಯಿಗೆ ಬರುತ್ತದೆ.

ಜಪಾನಿನ ಟರ್ಬೊ ಕಾರುಗಳ ಹುಚ್ಚಿರುವವರೆಲ್ಲ ಈ ತಮ್ಮನನ್ನು ಬಲ್ಲರು. ಗೋದಾಮುಗಳ ಸಾಲಿನ ಹಿಂದಿರುವ ಅವರ ತಗಡಿನ ಶೆಡ್ಡಿಗೆ, ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಳ್ಳಲು ದೂರದೂರಿಂದ ಕಾರುಗಳು ಬರುತ್ತವೆ. ಅಕ್ಕನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವ ನಾಲ್ಕಾರು ಜನ ಅವರನ್ನು ಕರೆಯುವುದು ‘ಸಾಕಕ್ಕ’ ಎಂದು. ಕಾರು ಓಡುವಾಗ ಅವರ ಬಾಯಿಂದ ಬರುವುದು ಒಂದೇ ಮಾತು, ‘ಸಾಕು’. ಆ ಮಾತು ಬಿದ್ದ ಕೂಡಲೇ ತಮ್ಮನ ಕಾಲು ಮೇಲೇಳಬೇಕು. ಯಾಕೆ ಏನು ಎಂದು ಕೇಳುವುದೆಲ್ಲ ಗಾಡಿ ನಿಂತ ಮೇಲೆ.

ಕೆಲಸ ಏನೆಂದು ನನ್ನಂಥ ಅಜ್ಞಾನಿಗೆ ತಮ್ಮ ಹೇಳಿದ್ದು ಹೀಗೆ. “ಎಂಜಿನ್ ಬಿಡೋ ಹೊಗೆಯಿಂದಾನೇ ಒಂದು ಫ್ಯಾನ್ ತಿರುಗುತ್ತೆ ಸರ್, ಅದೇ ಟರ್ಬೊ. ಅದು ಗಾಳೀನ ಒತ್ತಿ ಒತ್ತಿ ಒಳಗೆ ತುಂಬುತ್ತೆ. ಗಾಳಿ ಜಾಸ್ತಿ ಆದಷ್ಟೂ ಪೆಟ್ರೋಲ್ ಜಾಸ್ತಿ ಸುಡಬಹುದು, ಶಕ್ತಿ ಜಾಸ್ತಿ. ಆದ್ರೆ ಅತಿಯಾದ್ರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುತ್ತೆ. ನಾಕಿಂಗ್ ಅಂತೀವಿ. ಸುತ್ತಿಗೇಲಿ ಪಿಸ್ಟನ್ ಹೊಡೆದ ಹಾಗೆ. ಸೀಟಲ್ಲಿ ಕೂತೋರಿಗೆ ಏನೂ ಕೇಳ್ಸಲ್ಲ. ಕೇಳೋ ಹೊತ್ತಿಗೆ ಎಂಜಿನ್ ಕತೆ ಮುಗಿದಿರುತ್ತೆ.”

ಅದನ್ನು ಮೊದಲೇ ಕೇಳಿಸಿಕೊಳ್ಳುವುದು ಅಕ್ಕನ ಕೆಲಸ. ಎಂಜಿನ್ನಿನಲ್ಲಿ ಅದಕ್ಕೆಂದೇ ಸೆನ್ಸರ್ ಇದೆ, ಲ್ಯಾಪ್‌ಟಾಪಿನಲ್ಲಿ ಗೆರೆಗಳು ಏರಿಳಿಯುತ್ತವೆ. ತಮ್ಮ ಅದನ್ನೂ ನೋಡುತ್ತಾರೆ. ಆದರೆ ಗಟ್ಟಿಮುಟ್ಟಾದ ಹೊಸ ಪಿಸ್ಟನ್, ದೊಡ್ಡ ಟರ್ಬೊ ಹಾಕಿದ ಎಂಜಿನ್ನಿನ ಗದ್ದಲದಲ್ಲಿ ಹಳೆಯ ಸೆನ್ಸರ್ ತಬ್ಬಿಬ್ಬಾಗುವುದುಂಟು. ಆಗ ಇಬ್ಬರ ಸಾಕ್ಷಿ ಒಳ್ಳೆಯದು ಎನ್ನುವುದು ಅವರ ಲೆಕ್ಕಾಚಾರ.

ಅಕ್ಕ ಮೊದಲು ಇದ್ದದ್ದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಸಾಲು ಸಾಲು ಯಂತ್ರಗಳ ನಡುವೆ ಕೂತು ಯಾವುದರ ಸೂಜಿ ಮುರಿಯಲಿದೆ ಎಂದು ಮುಂಚಿತವಾಗಿ ಹೇಳುತ್ತಿದ್ದರಂತೆ. “ಮೇಸ್ತ್ರಿ ನನ್ನ ಬಾಯಿ ಅಪಶಕುನ ಅಂತಿದ್ದ” ಎಂದು ನಗುತ್ತಾರೆ. ಅಪ್ಪ ಅಮ್ಮ ಬೇಗ ತೀರಿಹೋಗಿ, ತಮ್ಮನನ್ನು ಓದಿಸಿದ್ದು ಆ ಹೊಲಿಗೆಯೇ. ಓದು ಅವರ ತಲೆಗೆ ಹತ್ತಲಿಲ್ಲ, ಗ್ಯಾರೇಜು ಹತ್ತಿತು.

ಸ್ವಂತ ಶೆಡ್ಡು ಹಾಕಿದ ಹೊಸತರಲ್ಲಿ ತಮ್ಮ ಒಂದು ದೊಡ್ಡ ತಪ್ಪು ಮಾಡಿದರು. ಬೇಕರಿ ಮಾಲೀಕನೊಬ್ಬನ ಕಾರನ್ನು ಬೆಳಗಿನ ಜಾವ ಇದೇ ರನ್‌ವೇಯಲ್ಲಿ ಓಡಿಸಿ, ಗಾಳಿ-ಪೆಟ್ರೋಲಿನ ಲೆಕ್ಕ ಹೊಂದಿಸಿ ಅದ್ಭುತವಾಗಿ ಟ್ಯೂನ್ ಮಾಡಿ, ತಿಂಡಿ ಹೊತ್ತಿಗೆ ಕೀ ಕೈಗಿಟ್ಟರು. ಬೆಳಗಿನ ಗಾಳಿ ತಣ್ಣಗಿರುತ್ತದೆ, ಎಂಜಿನ್ನು ಹಾಲು ಕುಡಿದ ಮಗುವಿನಂತೆ ಇರುತ್ತದೆ. ಮಧ್ಯಾಹ್ನದ ಬಿಸಿಗೆ ಅದೇ ಲೆಕ್ಕ ವಿಷವಾಗುತ್ತದೆ. ಟ್ರಾಫಿಕ್ಕಿನಲ್ಲಿ ಕಾದು ನಿಂತಿದ್ದ ಕಾರು ಸಿಗ್ನಲ್ ಬಿಟ್ಟಾಗ ಒಮ್ಮೆ ಜೋರಾಗಿ ಓಡಿತು, ಪಿಸ್ಟನ್ ಒಡೆಯಿತು. ತಮ್ಮ ತಲೆ ಮೇಲೆ ಕೈ ಹೊತ್ತು ಕೂತರು.

“ಅನ್ನ ಬಿಟ್ಟು ಕೂತಿದ್ದ” ಎನ್ನುತ್ತಾರೆ ಅಕ್ಕ. “ಒಡೆಯೋಕೆ ಮುಂಚೆ ಹೆಂಗೆ ಸದ್ದು ಮಾಡುತ್ತೋ ಅಂದೆ. ಡಬ್ಬೀಲಿ ಕಾಳು ಅಲ್ಲಾಡಿಸಿದ ಹಾಗೆ ಅಂದ. ಅಷ್ಟೇ ತಾನೆ, ನಾನು ಕೇಳಿಸ್ಕೋತೀನಿ ನಡಿ ಅಂದೆ.” ಅಂದಿನಿಂದ ಇಬ್ಬರದೂ ಒಂದೇ ಕ್ರಮ. ಮುಂಜಾನೆ ಒಮ್ಮೆ ಓಡಿಸುವುದು, ಅದೇ ಕಾರನ್ನು ನಡುಮಧ್ಯಾಹ್ನ ಮತ್ತೆ ಓಡಿಸುವುದು. ಮಧ್ಯಾಹ್ನ ದಾಟದೆ ಯಾರಿಗೂ ಕೀ ಕೊಡುವುದಿಲ್ಲ. ಅವಸರದವರು ಬೇರೆ ಅಂಗಡಿ ನೋಡಿಕೊಳ್ಳಬಹುದು.

ಇವತ್ತಿನ ಬಿಳಿ ಕಾರು ಒಬ್ಬ ಹಲ್ಲಿನ ಡಾಕ್ಟರದು. ಹಾಸ್ಟೆಲ್ಲಿನ ಗೋಡೆಗೆ ಇದೇ ಕಾರಿನ ಚಿತ್ರ ಅಂಟಿಸಿಕೊಂಡಿದ್ದವರು, ತಲೆ ನರೆತ ಮೇಲೆ ಕೊಂಡಿದ್ದಾರೆ. ಇದರ ಎಂಜಿನ್ ಬ್ಲಾಕು ಈಗೆಲ್ಲೂ ಸಿಗುವುದಿಲ್ಲ. ಒಡೆದರೆ ಒಡೆಯಿತು. ಅವರು ರನ್‌ವೇಯ ಅಂಚಿನಲ್ಲಿ ಫ್ಲಾಸ್ಕ್ ತಬ್ಬಿಕೊಂಡು ನಿಂತಿದ್ದಾರೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ ಮಾಡಿಕೊಂಡು.

ಅಕ್ಕನಿಗೂ ಇವತ್ತು ನೆಮ್ಮದಿಯಿಲ್ಲ. ಹೊರಡುವ ಮುಂಚೆ ಶೆಡ್ಡಿನಲ್ಲಿ ಕೊಳವೆ ಸಿಕ್ಕಿಸುವಾಗ ನನಗೊಬ್ಬನಿಗೇ ಹೇಳಿದ್ದರು. “ಮೊನ್ನೆ ಸ್ಟವ್ ಮೇಲೆ ಹಾಲು ಉಕ್ಕಿ ಹರಿದ್ರೂ ನಂಗೆ ಕೇಳಿಸ್ಲಿಲ್ಲ. ಪಕ್ಕದಲ್ಲೇ ನಿಂತಿದ್ದೆ. ವಯಸ್ಸಾಯ್ತು ನೋಡಿ. ತಮ್ಮನಿಗೆ ಹೇಳಿಲ್ಲ. ಇವತ್ತು ಒಂದು ತಪ್ಪಿದ್ರೂ ಇದನ್ನ ಕಳಚಿ ಗೂಟಕ್ಕೆ ಹಾಕಿಬಿಡ್ತೀನಿ. ನನ್ನ ಕಿವಿ ನಂಬಿ ಅವನು ಕಾಲು ಒತ್ತೋದು. ಯಾರದೋ ಗಾಡಿ, ಅವನ ಹೆಸರು.” ಮಾತು ಸಹಜವಾಗಿಯೇ ಇತ್ತು. ಕೈ ಮಾತ್ರ ಕೊಳವೆಯ ಕ್ಲಿಪ್ಪನ್ನು ಬಿಚ್ಚಿ ಬಿಚ್ಚಿ ಮತ್ತೆ ಹಾಕುತ್ತಿತ್ತು.

ಮೊದಲ ಎರಡು ಓಟಗಳು ಸುಸೂತ್ರ. ಪ್ರತಿ ಓಟದ ನಂತರ ತಮ್ಮ ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಟರ್ಬೊ ಒತ್ತಡವನ್ನು ಒಂಚೂರು ಏರಿಸುತ್ತಾರೆ. ಮೂರನೆಯ ಓಟದಲ್ಲಿ ಗಾಡಿ ನನ್ನನ್ನು ಸೀಟಿಗೆ ಅಂಟಿಸಿ ಚಿಮ್ಮುತ್ತಿರುವಾಗ ಅಕ್ಕನ ಬಾಯಿಂದ ಬಂದೇಬಿಡುತ್ತದೆ: “ಸಾಕು.”

ಕಾಲು ಮೇಲೇಳುತ್ತದೆ. ಕಾರು ನಿಲ್ಲುತ್ತದೆ. ತಮ್ಮ ಪರದೆ ನೋಡುತ್ತಾರೆ, ಗೆರೆಗಳು ತಣ್ಣಗಿವೆ. ಗಾಡಿಯನ್ನು ಶೆಡ್ಡಿಗೆ ತಂದು, ಎಂಜಿನ್ ಆರಲು ಬಿಟ್ಟು, ಆರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚುತ್ತಾರೆ. ನಾಕಿಂಗ್ ಆಗಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳಿರುತ್ತವಂತೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡುತ್ತಾರೆ. ಡಾಕ್ಟರೂ ನೋಡುತ್ತಾರೆ, ಪಿಂಗಾಣಿ ಅವರಿಗೆ ಹೊಸದಲ್ಲ. ಏನೂ ಇಲ್ಲ. ಆರಕ್ಕೆ ಆರೂ ಸ್ವಚ್ಛ.

ಅಕ್ಕನ ಮುಖ ಸಣ್ಣದಾಗುತ್ತದೆ. ಕಿವಿಮುಚ್ಚಿಗೆಯನ್ನು ಬೆಂಚಿನ ಮೇಲಿಟ್ಟು, “ನನ್ನ ಕಿವಿ ಹೋಗಿದೆ ಕಣೋ. ಹಾಲು ಉಕ್ಕಿದ್ದೂ ಕೇಳಿಸ್ಲಿಲ್ಲ ನಂಗೆ” ಎನ್ನುತ್ತಾರೆ.

“ಕಿವಿ ಹೋಗಿದ್ರೆ ಇರೋ ಸದ್ದು ಕೇಳಿಸಬಾರದಕ್ಕ. ನಿಂಗೆ ಜಾಸ್ತಿ ಕೇಳಿಸ್ತಿದೆಯಲ್ಲ?”

“ಇಲ್ಲದ್ದು ಕೇಳ್ಸೋದು ಇನ್ನೂ ಕೆಟ್ಟದ್ದು. ಇನ್ಮೇಲೆ ನಾನು ‘ಸಾಕು’ ಅಂದ್ರೆ ನೀನು ಯಾವ ಧೈರ್ಯದ ಮೇಲೆ ಕಾಲು ಎತ್ತುತೀಯ? ಅನ್ನದೆ ಇದ್ರೆ ಯಾವ ಧೈರ್ಯದ ಮೇಲೆ ಒತ್ತುತೀಯ?” ಎಂದು ಟೀ ಇಡಲು ಒಳಗೆ ಹೋಗುತ್ತಾರೆ. ನನಗಂತೂ ಬಹಳ ಬೇಜಾರಾಗುತ್ತದೆ.

ತಮ್ಮ ಕಾರನ್ನು ಲಿಫ್ಟಿಗೇರಿಸಿ ಅದರಡಿ ನಿಲ್ಲುತ್ತಾರೆ. ಸುತ್ತಿಗೆಯ ಮರದ ಹಿಡಿಯಿಂದ ಒಂದೊಂದು ಕೊಳವೆ, ಒಂದೊಂದು ತಗಡು ತಟ್ಟುತ್ತ ಹೋಗುತ್ತಾರೆ. “ನಾವೂ ಹೀಗೇ ಹಲ್ಲು ತಟ್ಟಿ ನೋಡ್ತೀವಿ” ಎಂದು ಡಾಕ್ಟರೂ ಕೋಟು ಕಳಚಿ ಟಾರ್ಚು ಹಿಡಿಯುತ್ತಾರೆ. “ನೋಯೋದು ಒಂದು, ಪೇಷಂಟ್ ತೋರ್ಸೋದು ಇನ್ನೊಂದು. ನೋವಂತೂ ಸುಳ್ಳಲ್ಲ.” ಟೀ ಆರಿ ತಣ್ಣಗಾದರೂ ಇಬ್ಬರೂ ಹೊರಬರುವುದಿಲ್ಲ.

ಕೊನೆಗೆ ಸಿಕ್ಕಿದ್ದು ಅಂಗೈಯಗಲದ ತಗಡು. ಟರ್ಬೊದ ಬಿಸಿ ಪಕ್ಕದ ವೈರುಗಳಿಗೆ ತಾಗದಂತೆ ಅಡ್ಡ ಕಟ್ಟಿದ ಮರೆ. ಅದರ ಬೋಲ್ಟಿನ ಬುಡದಲ್ಲಿ ಕೂದಲೆಳೆಯ ಬಿರುಕು. ಎಂಜಿನ್ ಒಂದು ವೇಗಕ್ಕೆ ಬಂದಾಗ ಮಾತ್ರ ಅದು ಟರ್ಬೊದ ಕೊಳವೆಗೆ ತಾಗಿ ನಡುಗುತ್ತದೆ. ಗುಡ್ಡ ಅಗೆದು ಇಲಿ ಹಿಡಿದಂತಾಯಿತು ಎಂದು ನಾನಂದುಕೊಳ್ಳುತ್ತೇನೆ. ತಮ್ಮ ಹಾಗಂದುಕೊಳ್ಳುವುದಿಲ್ಲ. “ಅಕ್ಕಾ, ಬಾ ಇಲ್ಲಿ. ಹಾಕ್ಕೊ ಅದನ್ನ” ಎಂದು ಕೂಗುತ್ತಾರೆ.

ಅಕ್ಕ ಒಲ್ಲದ ಮನಸ್ಸಿನಿಂದ ಮುಚ್ಚಿಗೆ ಏರಿಸಿಕೊಳ್ಳುತ್ತಾರೆ. ತಮ್ಮ ತಗಡನ್ನು ಬೆರಳಿನಿಂದ ನಡುಗಿಸುತ್ತಾರೆ. ಅಕ್ಕ ತಲೆ ಓರೆ ಮಾಡಿ, ಇನ್ನೊಮ್ಮೆ ಎಂದು ಕೈಸನ್ನೆ ಮಾಡುತ್ತಾರೆ. ಆಮೇಲೆ ಮೆಲ್ಲಗೆ, “ಇದೇ ಕಣೋ. ನಾಕಿಂಗ್ ಅಲ್ಲ. ಇದೇ” ಎನ್ನುತ್ತಾರೆ. ಕಣ್ಣು ತುಂಬಿಕೊಂಡಿದ್ದನ್ನು ಎಂಜಿನ್ ಹೊಗೆಯ ಮೇಲೆ ಹಾಕಲು ನೋಡುತ್ತಾರೆ, ಎಂಜಿನ್ನು ಆಗ ಬಂದ್ ಆಗಿದೆ.

ತಗಡು ಬದಲಾಗಿ, ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ ನಾವು ಮತ್ತೆ ರನ್‌ವೇಯಲ್ಲಿದ್ದೇವೆ. ಡಾಂಬರಿನಿಂದ ಝಳ ಏಳುತ್ತಿದೆ. ಇದು ನಿಜವಾದ ಪರೀಕ್ಷೆ, ಮತ್ತು ಇಲ್ಲಿ ಅಕ್ಕ ಮಾಡಬೇಕಾದದ್ದು ಇನ್ನೂ ಕಷ್ಟದ್ದು. ಸದ್ದು ಬಂದರೆ ‘ಸಾಕು’ ಎನ್ನಬಹುದು. ಸದ್ದಿಲ್ಲದಿದ್ದರೆ, ಅದು ಎಂಜಿನ್ನಿನ ಮೌನವೋ ತನ್ನ ಕಿವಿಯ ಮೌನವೋ ಎಂದು ಆ ಕ್ಷಣವೇ ತೀರ್ಮಾನಿಸಬೇಕು.

ತಮ್ಮ ಒಮ್ಮೆ ಅಕ್ಕನ ಕಡೆ ನೋಡುತ್ತಾರೆ. ಅಕ್ಕ ತಲೆಯಾಡಿಸಿ ಕಣ್ಣು ಮುಚ್ಚುತ್ತಾರೆ. ಗಾಡಿ ಏರುತ್ತದೆ, ಟರ್ಬೊ ಸೀಟಿ ಹೊಡೆಯುತ್ತದೆ, ರನ್‌ವೇ ನಮ್ಮ ಕೆಳಗೆ ಓಡಿಹೋಗುತ್ತದೆ. ಬೆಳಿಗ್ಗೆ ‘ಸಾಕು’ ಎಂದಿದ್ದ ಜಾಗ ದಾಟುತ್ತದೆ. ಅಕ್ಕನ ತುಟಿಗಳು ಬಿಗಿದೇ ಇರುತ್ತವೆ. ತಮ್ಮನ ಕಾಲು ಪೂರ್ತಿ ಒತ್ತಿಯೇ ಇರುತ್ತದೆ, ರನ್‌ವೇ ಮುಗಿಯುವ ಗುರುತಿನ ತನಕ.

ಪ್ಲಗ್ಗುಗಳನ್ನು ಮತ್ತೆ ಬಿಚ್ಚಿ ನೋಡುತ್ತಾರೆ. ಎಲ್ಲವೂ ಸ್ವಚ್ಛ. ಡಾಕ್ಟರು ಕೀ ತೆಗೆದುಕೊಂಡು, “ಒಂದ್ಸಲ ಕ್ಲಿನಿಕ್ಕಿಗೆ ಬನ್ನಿ ಅಕ್ಕ, ಹಲ್ಲು ನೋಡ್ತೀನಿ” ಎನ್ನುತ್ತಾರೆ. “ಹಲ್ಲು ಗಟ್ಟಿಯಾಗಿವೆ, ಕಿವಿ ಡಾಕ್ಟರು ಯಾರಾದ್ರೂ ಇದ್ರೆ ಹೇಳಿ” ಎಂದು ಅಕ್ಕ ನಗುತ್ತಾರೆ. ತಮ್ಮ ನಗುವುದಿಲ್ಲ. ಮುಂದಿನ ವಾರ ಅಕ್ಕನನ್ನು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗುವುದಾಗಿ ಅಲ್ಲೇ ನಿಶ್ಚಯ ಮಾಡುತ್ತಾರೆ.

ಪರೀಕ್ಷೆಯಲ್ಲಿ ಕಿವಿ ಮಂದವಾಗಿದೆ ಎಂದೇ ಬಂದರೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ. ಅಕ್ಕ ಬೇಸರಿಸಿಕೊಳ್ಳುವುದಿಲ್ಲ.

“ಬಿಟ್ಟುಬಿಡ್ತೀನಿ. ಯಾವತ್ತೋ ಒಂದಿನ ಹೋಗೋದೇ ಅಲ್ವಾ ಅದು” ಎನ್ನುತ್ತಾರೆ ರಬ್ಬರ್ ಕೊಳವೆಯನ್ನು ಒರೆಸುತ್ತ. “ಆದ್ರೆ ಬೆಳಿಗ್ಗೆ ಎಷ್ಟು ಹೆದರಿದ್ದೆ ಗೊತ್ತಾ? ಇಷ್ಟು ವರ್ಷ ಸುಮ್‌ಸುಮ್ನೆ ನಾನು ಗಾಡಿ ನಿಲ್ಲಿಸ್ತಿದ್ನೇನೋ ಅಂತ. ಈಗ ಆ ಹೆದರಿಕೆ ಇಲ್ಲ. ಇಲ್ಲದ ಸದ್ದಿಗೆ ನಾನು ಯಾರ ಗಾಡೀನೂ ನಿಲ್ಲಿಸಿಲ್ಲ.”