ಆಯಿ ಹತ್ತಲಾರದ ಗಾಡಿ

ನೆರೆಯವನ ಎತ್ತು, ಕತ್ತೆಯ ಮೇಲೆ ಆಸೆಪಡಬಾರದೆಂಬ ಬೈಬಲ್ಲಿನ ಆಜ್ಞೆಯನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಬೈಕಿನ ಮಾತು ಅದರಲ್ಲಿ ಬಂದಿರಲಿಲ್ಲ. ಜಮಖಂಡಿಯ ಮುಧೋಳ ರಸ್ತೆಯಲ್ಲಿರುವ ಹಳೆ ಗಾಡಿಗಳ ಅಂಗಡಿಯಲ್ಲಿ ಆ ಕರಿ ಬೈಕು ಕಂಡ ದಿನ ನನ್ನ ಭಕ್ತಿಯೆಲ್ಲ ಅದರ ಸೈಲೆನ್ಸರಿನೊಳಗೆ ಹೋಗಿ ಕೂತಿತು. ಎಂಥ ಸದ್ದು ಅಂತೀರಿ! ಎದೆಗೂಡೇ ನಡುಗಬೇಕು. ನಾನೋ ಹೈಸ್ಕೂಲು ಮಾಸ್ತರ, ಹನ್ನೆರಡು ವರ್ಷದಿಂದ ಒಂದೇ ಮೊಪೆಡ್ ಮೇಲೆ ಓಡಾಡಿದವನು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕೂಡ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕುತ್ತಿದ್ದವು.

ಅಂಗಡಿಯವನು ಜಾಣ. ಮೊಪೆಡ್ ಇಲ್ಲೇ ಬಿಡಿ, ಎರಡು ದಿನ ಇದನ್ನು ಓಡಿಸಿ ನೋಡಿ, ಮನಸ್ಸಿಗೆ ಬಂದರೆ ಸೋಮವಾರ ಅದಲುಬದಲು ಮಾಡೋಣ ಎಂದ. ಮನಸ್ಸಿಗೆ ಬಂದು ಆಗಲೇ ವಾರವಾಗಿತ್ತು. ಶನಿವಾರ ಶಾಲೆ ಬಿಟ್ಟ ಕೂಡಲೇ ಬನಹಟ್ಟಿಯವರೆಗೆ ಹೋಗಿ ಸುಮ್ಮನೆ ತಿರುಗಿ ಬಂದೆ. ದಾರಿಯಲ್ಲಿ ಮೂರು ಟ್ರ್ಯಾಕ್ಟರು ಹಿಂದೆ ಹಾಕಿದೆ. ಊಟಕ್ಕೂ ಅದನ್ನು ಒಳಗೇ ಕರಕೊಂಡು ಬರ್ರಿ ಎಂದು ಹೆಂಡತಿ ಅಣಕಿಸಿದಳು. ಜಾಗವಿದ್ದರೆ ತರುತ್ತಿದ್ದೆನೋ ಏನೋ.

ಪ್ರತಿ ಭಾನುವಾರ ಹುನ್ನೂರಿಗೆ ಹೋಗಿ ಆಯಿಯನ್ನು ನಮ್ಮ ಚರ್ಚಿನ ಸಭೆಗೆ ಕರೆತರುವುದು ನನ್ನ ಕೆಲಸ. ಆಯಿ, ಅಂದರೆ ಅಜ್ಜಿ, ಎಂದು ಕರೆದರೂ ಅವಳು ನನ್ನ ಬಳಗದವಳಲ್ಲ. ನಮ್ಮ ಸಣ್ಣ ಸಭೆಗೆ ಹಿರಿಯಳು, ಹಾಡಿಗೆ ದನಿ ಎತ್ತುವವಳು. ನಮ್ಮಲ್ಲಿ ಹಾರ್ಮೋನಿಯಂ ಇದೆ, ಬಾರಿಸುವವರಿಲ್ಲ. ಓದು ಬರದ ಆಯಿ ಮೊದಲ ಸಾಲು ಎತ್ತಿಕೊಟ್ಟರೆ ಓದಿದ ನಾವೆಲ್ಲ ಅವಳ ಹಿಂದೆ ಹೋಗುತ್ತೇವೆ. ಬಸ್ಸಿನ ಮೆಟ್ಟಿಲು ಹತ್ತಲು ಅವಳ ಮೊಣಕಾಲು ಬಿಡದು. ಮೊಪೆಡ್ ತಗ್ಗು, ಅಡ್ಡ ಕೂತರಾಯಿತು. ಇಷ್ಟು ಸರಳ ಸಂಗತಿಯನ್ನು ನಾನು ಆ ಸದ್ದಿನಲ್ಲಿ ಪೂರ್ತಿ ಮರೆತಿದ್ದೆ.

ಓಣಿಗೆಲ್ಲ ಕೇಳಿಸುವಂತೆ ಗುಡುಗಿಸುತ್ತ ಹೋಗಿ ಅವಳ ಕಟ್ಟೆಯ ಮುಂದೆ ನಿಲ್ಲಿಸಿದೆ. ಬಿಳಿ ಸೀರೆಯುಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಬೈಕು ನೋಡಿ ಹಿಗ್ಗಿದಳು, ಟ್ಯಾಂಕಿನ ಮೇಲೆ ಕೈಯಾಡಿಸಿದಳು. ಏರಲು ನೋಡಿದಳು, ಆಗಲಿಲ್ಲ. ಅವಳನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹತ್ತಿಸಹೋದರೆ ಸೀರೆ ತೊಡರಿತು. ನೆರೆಮನೆಯ ಹೆಂಗಸರಿಬ್ಬರು ಬಂದು ಕೈ ಕೊಟ್ಟರೂ ಮೊಣಕಾಲು ಕೇಳಲಿಲ್ಲ.

"ಭಾಳ ಛಲೋ ಐತೆಪಾ ಗಾಡಿ. ನೀ ಹೋಗು, ಹೊತ್ತಾಕ್ಕೈತಿ. ನಾ ಇಲ್ಲೇ ಕುಂತು ಪ್ರಾರ್ಥನಾ ಮಾಡ್ತೇನಿ," ಎಂದಳು. ಸಿಟ್ಟು ಮಾಡಿದ್ದರೆ ವಾಸಿಯಿತ್ತು.

ಮುಂದಿನ ವಾರದಿಂದ ರಿಕ್ಷಾ ಗೊತ್ತು ಮಾಡಿದರಾಯಿತೆಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ನನಗಿಂತ ಮೊದಲು ಹಾಗೆ ಹೇಳಿದವರ ರಿಕ್ಷಾ ಎರಡು ವಾರಕ್ಕಿಂತ ಹೆಚ್ಚು ಬಂದಿರಲಿಲ್ಲ.

ಸಭೆಯ ಅಂಗಳದಲ್ಲಿ ಎಲ್ಲರೂ ಬೈಕಿಗೆ ಮುತ್ತಿಕೊಂಡರು. ಪಾಸ್ಟರು ಕೂಡ ಒಂದು ಸುತ್ತು ಹಾಕಿದರು. ನಾನು ಪೂರಿಯ ಹಾಗೆ ಉಬ್ಬಿದೆ. ಒಳಗೆ ಹೋದ ಮೇಲೆ, ಆಯಿ ಇಲ್ಲ, ಇವತ್ತು ನೀವೇ ದನಿ ಎತ್ತಿರಿ ಎಂದು ಪಾಸ್ಟರು ನನಗೇ ಹೇಳಿದರು. ಬೈಕಿನ ಹುರುಪಿನಲ್ಲೇ ತೀರ ಏರುದನಿಯಲ್ಲಿ ಎತ್ತಿದೆ. ಎರಡನೇ ಚರಣಕ್ಕೆ ಗಂಡಸರ ದನಿ ಒಡೆಯಿತು, ಮಕ್ಕಳು ಕಿಸಕ್ಕನೆ ನಕ್ಕರು, ಹಾಡು ನಡುವೆಯೇ ನಿಂತುಹೋಯಿತು. ನಮ್ಮ ಸಭೆಯಲ್ಲಿ ಹಾಡು ಹಾಗೆ ನಿಂತದ್ದು ಅದೇ ಮೊದಲು. ಗೋಡೆಯ ಬದಿಗೆ ಆಯಿ ಕೂರುವ ಚಾಪೆ ಖಾಲಿ ಇತ್ತು. ಪಾಸ್ಟರು ಪ್ರಸಂಗ ಹೇಳಲು ನಿಂತದ್ದೇ ತಡ, ಎದ್ದು ಹೊರಬಿದ್ದೆ.

ಅಂಗಡಿಗೆ ಹೋಗಿ ನೋಡುತ್ತೇನೆ, ನನ್ನ ಮೊಪೆಡ್ಡಿಗೆ ಯಾರೋ ಹಾಲಿನ ಕ್ಯಾನು ಕಟ್ಟಿ ನೋಡುತ್ತಿದ್ದಾನೆ! ಅನಗವಾಡಿಯವನಂತೆ, ಹಣೆಯ ತುಂಬ ಬೀರೇಶ್ವರ ದೇವರ ಭಂಡಾರದ ಅರಿಶಿನ. ಸೋಮವಾರ ಇದು ನಿನ್ನದೇ ಎಂದು ಅಂಗಡಿಯವನು ಅವನಿಗೆ ಮಾತು ಕೊಟ್ಟುಬಿಟ್ಟಿದ್ದ. ಬೈಕಿನ ಕೀಲಿ ಮೇಜಿನ ಮೇಲಿಟ್ಟೆ. ಗಾಡಿಯಲ್ಲೇನು ಕೊರತೆ ಎಂದು ಅಂಗಡಿಯವನು ಕೇಳಿದ. ಗಾಡಿಯಲ್ಲಿ ಏನೂ ಇಲ್ಲ ಎಂದೆ, ಆಯಿಯ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಹಾಲಿನವನು ಕೇಳುತ್ತ ಕೇಳುತ್ತಲೇ ಹಗ್ಗ ಬಿಚ್ಚತೊಡಗಿದ್ದ.

"ಮುದುಕಿ ಕಾಯಾಕತ್ತಾಳಂದ್ರ ಮೊದ್ಲ ಹೋಗ್ರಿ ಮಾಸ್ತರ. ನನಗ ಇನ್ನೊಂದು ಸಿಗತೈತಿ."

ನಾನು ಬಾಯಿಪಾಠ ಮಾಡಿದ್ದನ್ನು ಅವನು ಮಾಡಿ ತೋರಿಸಿದ್ದ. ಕೈಮುಗಿದು ಕಿಕ್ ಹೊಡೆದೆ.

ಹುನ್ನೂರಿನ ದಾರಿಯಲ್ಲಿ ಟ್ರ್ಯಾಕ್ಟರುಗಳು ಮತ್ತೆ ನನ್ನನ್ನು ಹಿಂದೆ ಹಾಕಿದವು. ಹಾಕಲಿ! ನನಗೆ ಹಾರಿಹೋಗುವಷ್ಟು ಸಂತೋಷವಾಗಿತ್ತು. ಆಯಿಯ ಮನೆಯ ಮುಂದೆ ಗಾಡಿ ಆರಿಸಿದರೆ ಒಳಗಿನಿಂದ ಹಾಡು ಕೇಳಿಸಿತು. ಸಭೆಯಲ್ಲಿ ನಾನು ಕೆಡಿಸಿದ ಅದೇ ಹಾಡು. ಕರೆದೆ. ಚೀಲ ತಗೊಂಡು ಹೊರಬಂದು, ಅಡ್ಡ ಕೂತು ನನ್ನ ಹೆಗಲು ಹಿಡಿದಳು.

ನಾವು ಮುಟ್ಟಿದಾಗ ಎಲ್ಲರೂ ಕೊನೆಯ ಹಾಡಿಗೆ ಎದ್ದು ನಿಂತಿದ್ದರು, ಯಾರು ಎತ್ತಬೇಕೆಂದು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಯಿ ಚಾಪೆಯವರೆಗೂ ಹೋಗಲಿಲ್ಲ. ಬಾಗಿಲಲ್ಲೇ ನಿಂತು ದನಿ ಎತ್ತಿದಳು.

ಕರಿ ಬೈಕು ಕಂಡರೆ ಈಗಲೂ ನನ್ನ ಕತ್ತು ತಿರುಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತು ಆ ಬಾಗಿಲಲ್ಲಿ, ಕೈಯಲ್ಲಿ ಮೊಪೆಡ್ಡಿನ ಸವೆದ ಕೀಲಿ ಹಿಡಿದು ಅವಳ ಹಿಂದೆ ಹಾಡುತ್ತ ನಿಂತಾಗ, ನನಗೆ ಇನ್ನೇನೂ ಬೇಕಿರಲಿಲ್ಲ.