ಜೀಪಿನ ಹೆಗಲಿಗೆ ಬೀಳಬೇಕಾದ ಭಾರ

ಕನ್ನಡಿಯಲ್ಲಿ ಟ್ರೇಲರ್ ಮೊದಲು ಎಡಕ್ಕೆ ಇಣುಕಿತು. ಆಮೇಲೆ ಬಲಕ್ಕೆ. ರಸ್ತೆ ಕೆಟ್ಟಿರಬೇಕು ಅಂದುಕೊಂಡೆ. ರಸ್ತೆ ಚೆನ್ನಾಗಿಯೇ ಇತ್ತು.

ಆದೋನಿ ಬಿಟ್ಟು ಮಂತ್ರಾಲಯದ ಕಡೆ ಅರ್ಧ ತಾಸು ಬಂದಿದ್ದೆವು. ಸಣ್ಣ ಇಳಿಜಾರು, ಸ್ಪೀಡ್ ಅರವತ್ತು ದಾಟಿತ್ತು. ಪಕ್ಕದ ಸೀಟಿನಲ್ಲಿ ಹೆಂಡತಿ ಶಾರದಾ, ಬೆನ್ನಿಗೆ ದಿಂಬು ಕೊಟ್ಟು ಒರಗಿದ್ದಳು.

ಮೂರನೇ ಸಲ ಟ್ರೇಲರ್ ಬಾಲ ಬೀಸಿದಾಗ ಜೀಪೂ ಅದರ ಜೊತೆ ತೂಗಾಡಿತು. ನಾನು ಮಾಡಬಾರದ್ದನ್ನೇ ಮಾಡಿದೆ... ಬ್ರೇಕ್ ಒತ್ತಿದೆ. ಬಾಲದ ಬೀಸು ಇನ್ನೂ ಜೋರಾಯಿತು.

ಎದುರಿಗೆ ಹತ್ತಿ ತುಂಬಿದ ಲಾರಿ. ಅದು ನಮ್ಮನ್ನು ದಾಟಿದ್ದು ಹೇಗೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಬ್ರೇಕಿನಿಂದ ಕಾಲು ತೆಗೆದದ್ದು, ಸ್ಟೀರಿಂಗ್ ಬಿಗಿ ಹಿಡಿದದ್ದು, ಟ್ರೇಲರಿನ ಒಂದು ಗಾಲಿ ಪಕ್ಕದ ಕರಿಮಣ್ಣಿಗೆ ಇಳಿದದ್ದು ನೆನಪಿದೆ.

ನಿಂತೆವು.

ಶಾರದಾಳ ಮುಖ ಸುಣ್ಣದಂತಾಗಿತ್ತು. "ಮಲಗಬೇಕ್ರಿ" ಅಂದಳು, ಅಷ್ಟೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆಕೆಗೆ ಬೆನ್ನುಮೂಳೆಯ ಆಪರೇಷನ್ ಆಗಿ ಎರಡು ವರ್ಷ. ಒಂದು ತಾಸು ಕೂತರೆ ಅರ್ಧ ತಾಸು ಮಲಗಲೇಬೇಕು. ಹಾಗಾಗಿ ಬಸ್ಸಿಲ್ಲ, ರೈಲಿಲ್ಲ, ಹೊಳಗುಂದದಲ್ಲಿರುವ ತಂಗಿಯ ಮನೆಯೂ ಇಲ್ಲ. ಎರಡು ವರ್ಷ ಬರೀ ಮನೆ, ಆಸ್ಪತ್ರೆ, ಮನೆ.

ಅದಕ್ಕೇ ಈ ಟ್ರೇಲರ್ ಕಟ್ಟಿಸಿದ್ದು. ಒಳಗೆ ಒಂದು ಮಂಚ, ಒಂದು ಕಕ್ಕಸು, ನೀರಿನ ಟ್ಯಾಂಕು. ಓಡುವಾಗ ಆಕೆ ಜೀಪಿನಲ್ಲಿ, ನಿಂತಾಗ ಮಂಚದ ಮೇಲೆ. ಇಷ್ಟಕ್ಕೆ ಆಕೆಯನ್ನು ಒಪ್ಪಿಸೋದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಕಟ್ಟಿದವನು ನಮ್ಮ ವೆಲ್ಡರ್ ಮಾಬಣ್ಣ. ಟ್ರ್ಯಾಕ್ಟರ್ ಟ್ರಾಲಿ ಮಾಡಿ ಕೈ ಪಳಗಿದ ಮನುಷ್ಯ. ಮೊದಲ ಸಲ ಜೀಪಿಗೆ ಕಟ್ಟಿದಾಗ ಜೀಪಿನ ಹಿಂಭಾಗ ಕುಸಿದು, ಹೆಡ್‌ಲೈಟುಗಳು ಆಕಾಶ ನೋಡುತ್ತಿದ್ದವು.

"ಸಾವ್ಕಾರ್ರ, ಬರೇ ಗುಂಡಿನ ಹುಕ್ಕು ಇದಕ್ಕ ಸಾಲಂಗಿಲ್ಲ" ಅಂದ. ಭಾರ ಹಂಚುವ ಹುಕ್ಕು, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಒಂದು ಬರುತ್ತದೆ. ಹುಕ್ಕಿನ ಎರಡೂ ಬದಿಗೆ ಸ್ಪ್ರಿಂಗಿನಂಥ ಸಲಾಕೆ. ಅವನ್ನು ಸರಪಳಿಯಿಂದ ಟ್ರೇಲರಿಗೆ ಬಿಗಿದರೆ, ಜೀಪಿನ ಹಿಂದೆ ಬಿದ್ದ ಭಾರದಲ್ಲಿ ಒಂದಿಷ್ಟು ಅದರ ಮುಂದಿನ ಗಾಲಿಗೂ ಹಂಚಿಹೋಗುತ್ತದೆ. ಇಲ್ಲಿ ಸಿಗಲ್ಲ, ತರಿಸಬೇಕು. ಒಂದೂವರೆ ತಿಂಗಳು.

ಕಾಯುವ ಜಾತಿ ನನ್ನದಲ್ಲ. ಹತ್ತಿ ಮಾರ್ಕೆಟ್ ಹತ್ತಿರ ಇಪ್ಪತ್ತು ವರ್ಷದಿಂದ ಲಾರಿ ತೂಗುವ ವೇಬ್ರಿಡ್ಜ್ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ಅಪ್ಪನ ಜೊತೆ ಎತ್ತಿನ ಗಾಡಿಗೆ ಹತ್ತಿ ಹೇರಿದವನು. ಅಪ್ಪ ಕಲಿಸಿದ್ದು ಒಂದೇ: ಎತ್ತಿನ ಹೆಗಲಿಗೆ ಭಾರ ಕೊಡಬಾರದು, ನೊಗ ಎರಡು ಬೆರಳಿಗೆ ಏಳುವಂತಿರಬೇಕು.

"ಟ್ಯಾಂಕು, ಬ್ಯಾಟ್ರಿ ಎಲ್ಲಾ ಹಿಂದಕ್ಕ ಸರಿಸು ಮಾಬಣ್ಣ. ಮೂಗು ಹಗುರ ಆಗ್ಲಿ."

ಆತ ಗಡ್ಡ ಕೆರೆದುಕೊಂಡ. "ಇದು ಎತ್ತಲ್ರೀ..."

"ಏಂ ಕಾದುಲೇ, ಏನೂ ಆಗಂಗಿಲ್ಲ" ಅಂತ ತೆಲುಗು ಕನ್ನಡ ಎರಡರಲ್ಲೂ ಆತನ ಬಾಯಿ ಮುಚ್ಚಿಸಿದೆ.

ಸರಿಸಿದ ಮೇಲೆ ಜೀಪು, ಟ್ರೇಲರ್ ಒಂದೇ ಮಟ್ಟಕ್ಕೆ ನಿಂತವು. ಎಷ್ಟು ಚೆಂದ ಕಂಡಿತೆಂದರೆ ಫೋಟೊ ತೆಗೆದು ಇಲ್ಲೇ ಹಾಕಿದ್ದೆ. ನಿಮ್ಮಲ್ಲಿ ಕೆಲವರು ಲೈಕ್ ಒತ್ತಿದ್ದೀರಿ.

ಆ ದಿನ ರಸ್ತೆಯ ಪಕ್ಕ, ಆಕೆ ಅದೇ ಟ್ರೇಲರಿನ ಮಂಚದ ಮೇಲೆ ಮಲಗಿದ್ದಳು. ನಾನು ಆಕೆಯ ಕಾಲ ಹತ್ತಿರ ಕೂತಿದ್ದೆ. ಕಾಲ್ಬೆರಳು ಆಡಿಸು ಅಂದೆ. ಆಡಿಸಿದಳು. ಇನ್ನೊಮ್ಮೆ ಅಂದೆ.

ಮೇಲಿನ ತಗಡು ನೋಡುತ್ತಲೇ ಕೇಳಿದಳು: "ಊರಾಗಿನ ಲಾರಿ ಎಲ್ಲಾ ತೂಗ್ತೀರಿ. ಇದನ್ನ ಯಾಕ ತೂಗಲಿಲ್ರಿ?"

ನಾನು ಆಕೆಯ ಕಾಲಿನ ಮೇಲೆ ಹೊದಿಕೆ ಎಳೆದೆ.

"ಜೀಪಿನ ಹೆಗಲು ನೋಯ್ತೈತಂತ ನೋಡಿದ್ರಿ" ಅಂದಳು. ಕಣ್ಣು ಮುಚ್ಚಿದಳು.

ನೀರು ಪೂರ್ತಿ ಚೆಲ್ಲಿ, ಹಿಂದಿನ ಸಾಮಾನು ಮುಂದಕ್ಕೆ ಹಾಕಿ, ಇಪ್ಪತ್ತರ ಸ್ಪೀಡಿನಲ್ಲಿ ಮನೆ ಸೇರಿದೆವು.

ಮರುದಿನ ಟ್ಯಾಂಕು ಮೊದಲಿನಂತೆಯೇ ತುಂಬಿಸಿ, ಸಾಮಾನು ಹಿಂದಕ್ಕಿಟ್ಟು, ತೂಗಿದೆ. ಟ್ರೇಲರನ್ನು ಬಿಚ್ಚಿ ಪೂರ್ತಿ ನಿಲ್ಲಿಸಿದರೆ 1180 ಕೆಜಿ. ಜೀಪಿಗೆ ಕಟ್ಟಿ, ಟ್ರೇಲರಿನ ಗಾಲಿ ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿದರೆ 1140. ಅಂದರೆ ಹುಕ್ಕಿನ ಮೇಲೆ ಕೂತ ಭಾರ ಬರೀ ನಲವತ್ತು. ಇರಬೇಕಾದದ್ದು ಅದರ ಮೂರು ಪಟ್ಟು, ಇನ್ನೂ ಸ್ವಲ್ಪ ಹೆಚ್ಚು. ಮೂಗು ಹಗುರಾದಷ್ಟೂ ಓಟದಲ್ಲಿ ಬಾಲ ಬೀಸುತ್ತದೆ.

ಎತ್ತು ನಡೆಯುವ ವೇಗಕ್ಕೆ ಅಪ್ಪನ ಲೆಕ್ಕ ಸರಿಯೇ ಇತ್ತು. ಅದನ್ನು ಅರವತ್ತರ ಸ್ಪೀಡಿಗೆ ತಂದು ಕಟ್ಟಿದ್ದು ನಾನು.

ಟ್ಯಾಂಕು ಮತ್ತೆ ಮುಂದಕ್ಕೆ ಬಂತು. ಹುಕ್ಕಿನ ಭಾರ ನೂರೈವತ್ತಾಯಿತು, ಜೀಪು ಮತ್ತೆ ಹಿಂದಕ್ಕೆ ಕುಸಿಯಿತು. ಆಗ ಆ ಸಲಾಕೆಯ ಹಿಚ್ ತರಿಸಲು ಕೂತೆ. ತರಿಸುವುದೇ ಆದರೆ ಎಲ್ಲಕ್ಕಿಂತ ದಪ್ಪ ಸಲಾಕೆಯದ್ದೇ ಇರಲಿ ಅಂದೆ.

"ಭಾರಕ್ಕ ತಕ್ಕದ್ದು ಸಾಕ್ರಿ ಸಾವ್ಕಾರ್ರ" ಅಂದ ಮಾಬಣ್ಣ. "ಸಲಾಕಿ ಬಾಳ ಬಿರುಸು ಆದ್ರ ರಸ್ತ್ಯಾಗಿನ ಒಂದೊಂದು ಗುಂಡಿದೂ ಏಟು ಶಾರದಕ್ಕನ ಬೆನ್ನಿಗೆ ಬೀಳ್ತೈತಿ."

ಈ ಸಲ ಬಾಯಿ ಮುಚ್ಚಿದ್ದು ನಾನು. ಆತ ಹೇಳಿದ್ದನ್ನೇ ತರಿಸಿದೆ, ಒಂದೂವರೆ ತಿಂಗಳು ಕಾದೆ.

ಬಂತು. ಸರಪಳಿ ಬಿಗಿದು, ಜೀಪಿನ ಮುಂದಿನ ಮಡ್‌ಗಾರ್ಡಿನ ಎತ್ತರ ಟೇಪಿನಿಂದ ಅಳೆದೆವು. ಟ್ರೇಲರ್ ಇಲ್ಲದಾಗ ಇದ್ದಷ್ಟಕ್ಕೆ ಹೆಚ್ಚುಕಡಿಮೆ ವಾಪಸ್ ಇಳಿದಿತ್ತು. ಶಾರದಾಳ ತೂಕದಷ್ಟು ಮರಳಿನ ಚೀಲ ಆಕೆಯ ಸೀಟಿಗಿಟ್ಟು, ಅದೇ ಇಳಿಜಾರಿನಲ್ಲಿ ಒಬ್ಬನೇ ಮೂರು ಸಲ ಓಡಿಸಿದೆ. ಕನ್ನಡಿಯಲ್ಲಿ ಟ್ರೇಲರ್ ಅತ್ತಿತ್ತ ಕದಲಲಿಲ್ಲ.

ಮನೆಗೆ ಬಂದು ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು.

"ಹೌದಾ... ಮರಳು ಏನಂತು?"

ನಾನು ಒತ್ತಾಯ ಮಾಡಲಿಲ್ಲ. ಹತ್ತು ಹನ್ನೆರಡು ದಿನ ಕಳೆದ ಮೇಲೆ ತಾನಾಗಿಯೇ, ತಂಗಿಯನ್ನು ನೋಡಬೇಕು ಅಂದಳು.

ಮೊನ್ನೆ ಹೊಳಗುಂದಕ್ಕೆ ಹೊರಟೆವು. ನಲವತ್ತು ದಾಟಲಿಲ್ಲ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿದೆ, ಮಲಗಿ ಎದ್ದಳು, ಚಹಾ ಕುಡಿದೆವು.

ಮತ್ತೆ ಹೊರಟೆವು. ಟ್ರೇಲರ್ ಹಿಂದೆ ನೆಟ್ಟಗೆ ಬರುತ್ತಿತ್ತು. ಆಕೆ ಹೊಲ ನೋಡಿದಳು, ಯಾರದೋ ಜೋಳ ಚೆನ್ನಾಗಿ ಬಂದಿದೆ ಅಂದಳು, ತಂಗಿಯ ಮಗಳ ಮಾತು ತೆಗೆದು ನಕ್ಕಳು ಕೂಡ.

ಎಡಗೈ ಮಾತ್ರ ಬಾಗಿಲ ಮೇಲಿನ ಹಿಡಿಕೆಯಲ್ಲೇ ಇತ್ತು. ಹೊಳಗುಂದ ಬರುವವರೆಗೂ ಬಿಡಲಿಲ್ಲ...

ನಿಮ್ಮ ಗಾಡಿಯಲ್ಲಿ ಪಕ್ಕಕ್ಕೆ ಕೂತವರ ಕೈ ಎಲ್ಲಿರುತ್ತದೆ, ಯಾವತ್ತಾದರೂ ನೋಡಿದ್ದೀರಾ?